ಬಲಗಡೆಯ ಜೇಬು

ಆ ಬಟ್ಟೆ ಅಂಗಡಿಯಲ್ಲಿ ಮಾವನ ಕಾಲದಿಂದಲೂ ಒಂದು ನಿಯಮವಿತ್ತು. ಗಿರಾಕಿಗೆ ತೋರಿಸಲೆಂದು ಬಿಚ್ಚಿದ ಬಟ್ಟೆಯನ್ನು, ಅವರು ಕೊಳ್ಳಲಿ ಬಿಡಲಿ, ಮೆಟ್ಟಿಲಿಳಿದು ರಸ್ತೆ ದಾಟುವವರೆಗೆ ಮಡಚುವಂತಿಲ್ಲ. "ಬೆನ್ನ ಹಿಂದೆ ಮಡಚೋ ಸದ್ದು ಕೇಳಿದ್ರೆ, ಪೀಡೆ ತೊಲಗಿತು ಅಂದ ಹಾಗಾಗುತ್ತೆ. ಹರಡಿಕೊಂಡೇ ಇದ್ರೆ ಮತ್ತೆ ಬನ್ನಿ ಅಂದ ಹಾಗೆ," ಎನ್ನುತ್ತಿದ್ದರು ಮಾವ.

ಈಗೀಗ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಉದ್ದ ಮೇಜಿನ ತುಂಬ ಬಟ್ಟೆ ಹರಡಿಕೊಂಡೇ ಇರುತ್ತಿತ್ತು. ಬರುವವರೇನೋ ಬರುತ್ತಿದ್ದರು. ಮುಟ್ಟುತ್ತಿದ್ದರು, ಸೆರಗು ಹಿಡಿದು ನೋಡುವಂತೆ ಅಂಚು ಹಿಡಿದು ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು, "ಮುಂದಿನ ತಿಂಗಳು ನೋಡೋಣ" ಎಂದು ಇಳಿದು ಹೋಗುತ್ತಿದ್ದರು. ಮುಂದಿನ ತಿಂಗಳು ಸಂಬಳ ಬರುತ್ತದೋ ಇಲ್ಲವೋ ಎಂಬ ಅಳುಕು ಅವರ ಬೆರಳಲ್ಲೇ ಹಿರಿಸೊಸೆಗೆ ಗೊತ್ತಾಗುತ್ತಿತ್ತು. ಕೊಳ್ಳುವವರ ಬೆರಳು ಬಟ್ಟೆಯನ್ನು ಹಿಸುಕುತ್ತದೆ. ಕೊಳ್ಳದವರದು ಬರೀ ಸವರುತ್ತದೆ.

ಅವಳು ಆ ಮೇಜಿನ ಹಿಂದೆ ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಸುತ್ತಿಟ್ಟ ಥಾನನ್ನು ಎತ್ತಿ ಒಂದು ಸಲ ಜಾಡಿಸಿದರೆ ಬಟ್ಟೆ ಮೇಜಿನ ಈ ತುದಿಯಿಂದ ಆ ತುದಿಗೆ ನೀರು ಹರಿದಂತೆ ಹರಿದು ನಿಲ್ಲುತ್ತಿತ್ತು. ಒಂದು ಗೀರು, ಒಂದು ಸುಕ್ಕು ಇಲ್ಲ. ಸಗಟು ವ್ಯಾಪಾರಿಗಳು ಬಂದಾಗ ತಮಾಷೆಗೆ ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ ಕೈಗೆ ತುಂಡು ಬಟ್ಟೆ ಇಡುತ್ತಿದ್ದರು. ಹತ್ತಿ ಎಷ್ಟು, ನೂಲು ಎಂಥದ್ದು, ಯಾವ ಕಡೆ ನೇರ ಯಾವ ಕಡೆ ತಿರುವು, ಎಲ್ಲ ಹೇಳುತ್ತಿದ್ದಳು. ಹಾಗೆ ಬಜಾರಿನವರು ಇಟ್ಟ ಹೆಸರು ಕೈಗಣ್ಣಿ. ಕೈಯಲ್ಲಿ ಕಣ್ಣಿರುವವಳು. ಮಾವ ಹೊಸಬರ ಮುಂದೆ ಹೆಮ್ಮೆಯಿಂದ ಆ ಹೆಸರು ಹೇಳುತ್ತಿದ್ದರು. ಮನೆಯಲ್ಲಿ ಅವಳಿಗೆ ಇದ್ದ ಒಡವೆ ಅದೊಂದೇ.

ಈ ನಾಲ್ಕು ತಿಂಗಳಿಂದ ಜನ ಮೆಟ್ಟಿಲು ಹತ್ತಿ, ಅವಳ ಮೇಜು ದಾಟಿ, ಒಳಗೆ ಮಹಡಿ ಮೆಟ್ಟಿಲಿನ ಕೆಳಗಿದ್ದ ಕತ್ತಲೆ ಮೂಲೆಗೆ ಹೋಗುತ್ತಿದ್ದರು.

ಅಲ್ಲಿ ಕಿರಿಸೊಸೆ ತನ್ನ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಅವಳ ಗಂಡ, ಈ ಮನೆಯ ಕಿರಿಮಗ, ಎಂಟು ವರ್ಷದಿಂದ ದೊಡ್ಡ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆಗಿದ್ದ. ವ್ಯಾಪಾರ ಕುಸಿದಿದೆ ಎಂದು ಆ ಅಂಗಡಿಯವರು ಒಂದು ಸೋಮವಾರ ಅರ್ಧ ಜನರನ್ನು ಮನೆಗೆ ಕಳಿಸಿದರು. ಮರುವಾರವೇ ಅವಳು ಮಿಷನ್ನನ್ನು ಮಹಡಿಯ ಮನೆಯಿಂದ ಕೆಳಗಿಳಿಸಿದಳು. "ಸುಮ್ನೆ ಕೂರೋ ಬದಲು ಹರಿದಿದ್ದು ಮುರಿದಿದ್ದು ಹೊಲೀತೀನಿ ಮಾವ," ಎಂದಿದ್ದಳು. ಮಾವ ಹೂಂ ಅಂದರು. ಹಿರಿಸೊಸೆಯೂ ಹೂಂ ಅಂದಳು. ಆಗ ಅದು ಪಾಪ ಅನ್ನಿಸುವಂಥ ಮಾತಾಗಿತ್ತು.

ಈಗ ಹೊಸ ಬಟ್ಟೆ ಕೊಳ್ಳುವ ಧೈರ್ಯವಿಲ್ಲದ ಊರೆಲ್ಲ ಹಳೇ ಬಟ್ಟೆಯ ಗಂಟು ಹೊತ್ತು ಬರುತ್ತಿತ್ತು. ಮೊಣಕಾಲು ಸವೆದ ಪ್ಯಾಂಟು, ಕಾಲರು ತಿಂದುಹೋದ ಅಂಗಿ, ಅಣ್ಣನದು ತಮ್ಮನಿಗಾಗಬೇಕಾದ ಶಾಲೆಯ ಸಮವಸ್ತ್ರ. ಎಲ್ಲಕ್ಕಿಂತ ಹೆಚ್ಚಾಗಿ ಕೋಟುಗಳು. ಕಿರಿಸೊಸೆ ಮಾಸಿದ ಕೋಟನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ, ಮತ್ತೆ ಜೋಡಿಸಿ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷ ಬಿಸಿಲು ಕಾಣದ ಒಳಮೈ ಹೊರಗೆ ಬಂದರೆ ಕೋಟು ನಿನ್ನೆ ಕೊಂಡಂತೆ ಕಾಣುತ್ತಿತ್ತು. ತಿರುವಿ ಹೊಲಿದಿದ್ದು ಎನ್ನುವುದಕ್ಕೆ ಒಂದೇ ಗುರುತು: ಎದೆಯ ಜೇಬು ಎಡದಿಂದ ಬಲಕ್ಕೆ ಬಂದಿರುತ್ತಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ರು ದೊಡ್ಡವರು," ಎಂದ ಮೈದುನ ಒಂದು ದಿನ ಪಾತ್ರೆ ತೊಳೆಯುತ್ತಾ. ಕೆಲಸ ಹೋದಮೇಲೆ ಮನೆಯ ಪಾತ್ರೆ, ನೆಲ, ತರಕಾರಿ ಎಲ್ಲ ಅವನದೇ. "ಈಗ ಜನ ಹಾಸಿಗೇನೇ ತಂದು ನನ್ನ ಹೆಂಡ್ತಿ ಕೈಗೆ ಕೊಡ್ತಿದ್ದಾರೆ ಅತ್ತಿಗೆ. ಕತ್ತರಿಸಿ ಅಂಗಿ ಮಾಡಿಕೊಡು ಅಂತ."

"ನಗು ನಗು. ನಿನಗೇನು? ಕೂತಲ್ಲಿ ಊಟ."

"ಕೂತಲ್ಲೆಲ್ಲಿ ಅತ್ತಿಗೆ? ನಿಂತು ತೊಳೀತಾ ಇದ್ದೀನಿ."

ಅವನ ನಗೆಯಲ್ಲಿ ಹುಳುಕಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ ತರಿಸಿತು.

ಮೂರು ತಿಂಗಳ ಹಿಂದೆ ಮನೆಯಲ್ಲಿ ಮೊಟ್ಟೆ ನಿಂತಿತ್ತು. ಮಾವನೇ ನಿಲ್ಲಿಸಿದ್ದರು. ಸೋಪನ್ನು ದಾರದಿಂದ ಅರ್ಧ ಕತ್ತರಿಸಿ ಇಡುವುದು, ಚಹಾಪುಡಿಯನ್ನು ಎರಡನೇ ಸಲ ಕುದಿಸುವುದು, ಒಂದೇ ದೀಪದ ಕೆಳಗೆ ಎಲ್ಲರೂ ಕೂರುವುದು, ಇವೆಲ್ಲ ಅದರ ಜೊತೆಗೇ ಬಂದವು. ಒಂದು ಸಂಜೆ ಊಟದ ಮೇಜಿನ ಮೇಲೆ ಬೇಯಿಸಿದ ಮೊಟ್ಟೆ ಮತ್ತೆ ಬಂತು. ತಲೆಗೊಂದು.

"ಇದೆಲ್ಲಿಂದ?" ಎಂದಳು ಹಿರಿಸೊಸೆ.

"ಚಿಕ್ಕಮ್ಮ ತಂದಿದ್ದು!" ಎಂದಳು ಅವಳ ಮಗಳು. ಹದಿನೇಳರ ಹುಡುಗಿ, ಬಾಯಿಗೆ ಬೀಗ ಇಲ್ಲದವಳು. "ಈ ವಾರ ಎಂಟು ಕೋಟು ಅಮ್ಮ. ಎಂಟು!"

"ತಿನ್ನಿ ಅಕ್ಕ, ಆರಿಹೋಗುತ್ತೆ," ಎಂದಳು ಕಿರಿಸೊಸೆ ತಲೆಯೆತ್ತದೆ. ಅವಳು ಮಾತಾಡುವುದೇ ಕಡಿಮೆ. ಬಾಯಲ್ಲಿ ಸದಾ ಒಂದೆರಡು ಗುಂಡುಸೂಜಿ ಕಚ್ಚಿಕೊಂಡು ಅಭ್ಯಾಸವಾಗಿ, ಊಟಕ್ಕೆ ಕೂತಾಗಲೂ ತುಟಿ ಬಿಗಿಹಿಡಿದಂತೆ ಇರುತ್ತಿತ್ತು.

"ನನಗೆ ಮೊಟ್ಟೆ ಆಗಲ್ಲ. ಪಿತ್ತ," ಎಂದು ಹಿರಿಸೊಸೆ ತನ್ನದನ್ನು ಗಂಡನ ತಟ್ಟೆಗೆ ದಾಟಿಸಿದಳು.

ಗಂಡ ಅವಳ ಮುಖ ನೋಡಿದ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳಿಗೆ ಪಿತ್ತವಾದದ್ದು ಅವನಿಗೆ ನೆನಪಿರಲಿಲ್ಲ. ಆದರೆ ಅವನು ಮಾತಿಗಿಂತ ಊಟಕ್ಕೆ ಬೆಲೆ ಕೊಡುವ ಮನುಷ್ಯ. ಎರಡೂ ಮೊಟ್ಟೆ ತಿಂದ.

ಮರುದಿನ ಮಗಳು ತನ್ನ ಹಳೇ ಲಂಗ ಹಿಡಿದು ಮೆಟ್ಟಿಲ ಕೆಳಗಿನ ಮೂಲೆಗೆ ಹೋದಳು. ಗುಂಡಿಯ ಕಾಜ ಹೇಗೆ ಕಟ್ಟುವುದು, ಒಳಗಿನ ಅಸ್ತರು ಹೇಗೆ ಕೂರಿಸುವುದು ಎಂದು ಕೇಳುತ್ತಾ ಚಿಕ್ಕಮ್ಮನ ಭುಜಕ್ಕೆ ಗದ್ದವೂರಿ ನಿಂತಳು. ಹೋದ ವರ್ಷ ಹಿರಿಸೊಸೆ ಅವಳಿಗೆ ಬಟ್ಟೆ ಜಾಡಿಸುವುದನ್ನು ಕಲಿಸಲು ಹೋದಾಗ, "ಅಯ್ಯೋ, ಕೈ ನೋಯುತ್ತಮ್ಮ" ಎಂದು ಓಡಿಹೋಗಿದ್ದಳು. ಈಗ ಆ ಮೂಲೆಯಿಂದ ಇಬ್ಬರ ನಗು ಕೇಳಿಬರುತ್ತಿತ್ತು. ಹಿರಿಸೊಸೆ ಗಿರಾಕಿಯಿಲ್ಲದ ಮೇಜಿನ ಮೇಲೆ ಒಂದು ಥಾನು ಜಾಡಿಸಿದಳು. ಬಟ್ಟೆ ನೀರಿನಂತೆ ಹರಿದು ನಿಂತಿತು. ನೋಡಿದವರು ಯಾರೂ ಇರಲಿಲ್ಲ.

ತಿಂಗಳ ಮೊದಲ ದಿನ ಬಡಗಿ ಬಂದು ಮೇಜನ್ನು ಅಳೆದ.

"ಏನು ಮಾವ ಇದು?"

ಮಾವ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಹೇಳಬೇಕಾದ ಕಷ್ಟದ ಮಾತಿದ್ದಾಗಲೆಲ್ಲ ಅವರ ಕನ್ನಡಕ ಕೊಳೆಯಾಗುತ್ತಿತ್ತು. "ನೋಡಮ್ಮ, ಈ ತಿಂಗಳು ಕಾಯೋಣ. ಮೇಜಿನ ಮೇಲೆ ವ್ಯಾಪಾರ ಚಿಗುರಿದ್ರೆ ಸರಿ. ಇಲ್ಲಾಂದ್ರೆ ಇದನ್ನ ಅರ್ಧ ಕತ್ತರಿಸಿ, ಮಿಷನ್ನನ್ನ ಮುಂದಕ್ಕೆ ತರೋದು. ಕಿಟಕಿ ಪಕ್ಕ ಅವಳಿಗೂ ಬೆಳಕು ಸಿಗುತ್ತೆ. ಆ ಮೂಲೇಲಿ ಕಣ್ಣು ಕಳ್ಕೋತಿದ್ದಾಳೆ."

"ಮತ್ತೆ ನಾನು?"

"ನೀನೆಲ್ಲಿಗೆ ಹೋಗ್ತೀಯ? ಇರ್ತೀಯ. ಅರ್ಧ ಮೇಜು ಇರುತ್ತಲ್ಲ."

ಅರ್ಧ ಮೇಜಿನ ಮೇಲೆ ಬಟ್ಟೆ ಜಾಡಿಸಿದರೆ ಅದು ನೆಲಕ್ಕೆ ಬೀಳುತ್ತದೆ. ಅದು ಮಾವನಿಗೂ ಗೊತ್ತಿತ್ತು. ಅವಳು ಅವರ ಕೈಯಿಂದ ಕನ್ನಡಕ ತೆಗೆದುಕೊಂಡು, ತುಂಡು ಮಸ್ಲಿನ್ನಿನಲ್ಲಿ ತಾನೇ ಒರೆಸಿ ಕೊಟ್ಟಳು.

ಆ ತಿಂಗಳು ಅವಳು ಬೆಳಿಗ್ಗೆ ಒಂದು ಗಂಟೆ ಮುಂಚೆ ಅಂಗಡಿ ತೆಗೆದಳು. ದಾರಿಹೋಕರನ್ನು ಕರೆದಳು. ಬೆಲೆ ಇಳಿಸುವಂತೆ ಗಂಡನಿಗೆ ದುಂಬಾಲು ಬಿದ್ದಳು. "ತಂದ ಬೆಲೆಗಿಂತ ಕೆಳಗೆ ಮಾರಿದ್ರೆ ಅದು ವ್ಯಾಪಾರ ಅಲ್ಲ, ದಾನ," ಎಂದ ಅವನು. ಮೂಲೆಗೆ ಹೋಗುವ ಗಿರಾಕಿಗಳನ್ನು ಅವಳು ತಲೆ ಲೆಕ್ಕ ಹಾಕುತ್ತಿದ್ದಳು. ಹಾಗೆ ಎಣಿಸುವುದು ತಪ್ಪೆಂದು ಗೊತ್ತಿದ್ದೂ, ಹಲ್ಲು ನೋವಿರುವ ಕಡೆಗೇ ನಾಲಿಗೆ ಹೋಗುವಂತೆ, ಕಣ್ಣು ಅತ್ತಲೇ ಹೋಗುತ್ತಿತ್ತು.

"ಹೊಸದು ತೋರಿಸ್ಲಾ?" ಎಂದು ಒಬ್ಬ ಹೆಂಗಸನ್ನು ತಡೆದು ಕೇಳಿದಳು.

"ಹೊಸದ್ಯಾಕಮ್ಮ? ಒಳಗಿರೋರು ಹಳೇದನ್ನೇ ಹೊಸದು ಮಾಡಿಕೊಡ್ತಾರಲ್ಲ."

ತಿಂಗಳ ಇಪ್ಪತ್ನಾಲ್ಕನೇ ದಿನ ಮಧ್ಯಾಹ್ನ ಒಬ್ಬ ಗಿರಾಕಿ ಬಂದ. ಮೂರು ರಸ್ತೆ ಆಚೆಯ ಲಾಡ್ಜಿನ ಮ್ಯಾನೇಜರು. ಅಗಲ ಭುಜ, ಸಣ್ಣ ಸೊಂಟ, ದೊಡ್ಡ ಮಾತು.

"ಕೋಟು ಬೇಕು. ರೆಡಿಮೇಡ್. ರೂಮು ಖಾಲಿ ಇದ್ದಷ್ಟೂ ಮ್ಯಾನೇಜರ್ ಠೀವಿಯಾಗಿರ್ಬೇಕಂತೆ. ನಮ್ಮ ಮಾಲೀಕರ ಅಪ್ಪಣೆ."

ಆ ತಿಂಗಳು ಕೋಟು ಕೇಳಿ ಬಂದ ಮೊದಲ ಮನುಷ್ಯ ಅವನು. ಗಲ್ಲಾದ ಹಿಂದೆ ಮಾವ ನೆಟ್ಟಗೆ ಕೂತರು. ಅವಳು ಕೋಲಿನ ಮೇಲೆ ತೂಗುಹಾಕಿದ್ದ ಆರು ಕೋಟುಗಳಲ್ಲಿ ಒಂದೊಂದನ್ನೇ ತೆಗೆದು ತೊಡಿಸಿದಳು. ಒಂದು ಭುಜಕ್ಕೆ ಬಿಗಿ. ಇನ್ನೊಂದರ ತೋಳು ಮೊಟಕು. ಮತ್ತೊಂದು ಹೊಟ್ಟೆಯ ಹತ್ತಿರ ಚೀಲದಂತೆ ಜೋತಿತು.

"ಇರ್ಲಿ ಬಿಡಿ, ದೊಡ್ಡ ಅಂಗಡೀಲಿ ನೋಡ್ತೀನಿ," ಎಂದು ಅವನು ತಿರುಗಿದ. ತಿರುಗಿದವನ ಕಣ್ಣು ಕೋಲಿನ ಆ ತುದಿಗೆ ಬಿತ್ತು. "ಅದು? ಆ ಬೂದಿ ಬಣ್ಣದ್ದು?"

ಮೂಲೆಯಲ್ಲಿ ಜಾಗ ಸಾಲದೆ, ಹೊಲಿದು ಮುಗಿಸಿದ ಬಟ್ಟೆಗಳನ್ನು ಕಿರಿಸೊಸೆ ಆ ತುದಿಯಲ್ಲಿ ತೂಗುಹಾಕುತ್ತಿದ್ದಳು. ಆವತ್ತು ಅಲ್ಲಿ ಒಂದೇ ಒಂದು ಕೋಟಿತ್ತು. ಕಿರಿಸೊಸೆ ಊಟಕ್ಕೆಂದು ಮಹಡಿಗೆ ಹೋಗಿದ್ದಳು.

'ಅದು ಮಾರೋದಲ್ಲ.' ಎರಡೇ ಶಬ್ದ. ಹಿರಿಸೊಸೆಯ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಮಾವ ಕುರ್ಚಿಯಿಂದಲೇ ಕೂಗಿದರು: "ತೋರಿಸಮ್ಮ! ನೋಡ್ಲಿ!" ಅವರ ಕಣ್ಣಿಗೆ ಅಷ್ಟು ದೂರ ಎಲ್ಲ ಕೋಟೂ ಒಂದೇ.

ಅವಳು ಕೋಟನ್ನು ಕೈಗೆ ತೆಗೆದುಕೊಂಡಳು.

ಒಳ್ಳೇ ಉಣ್ಣೆ. ಇಂಥದ್ದು ಈಗ ಬರುವುದಿಲ್ಲ. ಹೊರಮೈ ಹೊಸದರಂತೆ ಮೆತ್ತಗಿತ್ತು. ಆದರೆ ಅವಳ ಬೆರಳಿಗೆ ಎಳೆಯ ತಿರುವು ಗೊತ್ತಾಯಿತು. ಒಳಗಿರಬೇಕಾದ ಮೈ ಇದು. ಹಳೇ ಕಾಜಗಳನ್ನು ಮುಚ್ಚಿದ ಕಡೆ, ಎರಡನೆಯದರಲ್ಲಿ, ಒಂದೆಳೆ ದಾರ ಉಳಿದವುಗಳಿಗಿಂತ ತುಸು ದಪ್ಪ. ಎದೆಯ ಜೇಬು ಬಲಗಡೆ. ಜೇಬಿನೊಳಗೆ ಮಡಚಿದ ಒಂದು ಚೀಟಿ.

ಅವನು ತೋಳು ತೂರಿಸಿದ. ಕೋಟು ಅವನಿಗಾಗಿಯೇ ಹೊಲಿದಂತೆ ಕೂತಿತು. ಗುಂಡಿ ಹಾಕುವ ನೆಪದಲ್ಲಿ ಅವಳು ಅವನ ಎದೆಯ ಜೇಬನ್ನು ಸರಿಪಡಿಸಿದಳು. ಚೀಟಿ ಅವಳ ಮುಷ್ಟಿಗೆ ಬಂತು.

"ಜೇಬ್ಯಾಕೆ ಈ ಕಡೆ ಇದೆ?" ಎಂದ ಅವನು ಕನ್ನಡಿ ನೋಡುತ್ತಾ.

"ಈಗ ಹಾಗೇ ಬರ್ತಿದೆ," ಎಂದಳು ಕೈಗಣ್ಣಿ.

ಅವನು ಚೌಕಾಸಿ ಮಾಡಲಿಲ್ಲ. ಹಾಕಿಕೊಂಡೇ ಹೋದ. ಅವನು ರಸ್ತೆ ದಾಟುವವರೆಗೂ ಅವಳು ಉಳಿದ ಕೋಟುಗಳನ್ನು ಮುಟ್ಟಲಿಲ್ಲ. ಮಾವ ಪೆಟ್ಟಿಗೆ ಮುಚ್ಚಿ, "ನೋಡಿದ್ಯಾ? ಕೈಗಣ್ಣಿ ಕೈಗೆ ಸಿಕ್ಕ ಗಿರಾಕಿ ಬರಿಗೈಲಿ ಹೋಗಲ್ಲ," ಎಂದರು. ಎಷ್ಟೋ ತಿಂಗಳ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದಿತ್ತು.

ಚೀಟಿಯಲ್ಲಿ ಕಿರಿಸೊಸೆಯ ಗುಂಡು ಅಕ್ಷರದಲ್ಲಿ ಹೀಗಿತ್ತು: "ಬಸ್ ಡಿಪೋ ಗುಮಾಸ್ತರು. ಇಪ್ಪತ್ತೆಂಟು." ಅದನ್ನು ಹರಿಯಲು ಕೈ ಬರಲಿಲ್ಲ. ಪರ್ಸಿನ ಚಿಲ್ಲರೆ ಜೇಬಿಗೆ ತುರುಕಿದಳು.

ಸಂಜೆ ಊಟಕ್ಕೆ ಆಲೂಗಡ್ಡೆ ಪಲ್ಯ, ಬೇಳೆ, ತಲೆಗೊಂದು ಮೊಟ್ಟೆ. ಮಾವ ಮಧ್ಯಾಹ್ನದ ವ್ಯಾಪಾರವನ್ನು ಎರಡನೇ ಸಲ ವರ್ಣಿಸುತ್ತಿದ್ದರು.

"ಬಡಗಿಗೆ ಬರ್ಬೇಡ ಅಂತ ಹೇಳ್ಬಿಡೋಣ್ವಾ ಅಪ್ಪ?" ಎಂದ ಹಿರಿಮಗ. ಹೆಂಡತಿಯ ಪರವಾಗಿ ಅವನು ಒಂದು ತಿಂಗಳಲ್ಲಿ ಆಡಿದ ಒಂದೇ ಮಾತು.

"ನೋಡೋಣ, ನೋಡೋಣ."

"ಅತ್ತಿಗೆ, ಆ ಲಾಡ್ಜಿನವನಿಗೆ ನಮ್ಮ ಕೋಟು ಹಿಡಿಸ್ತಾ? ಅವನ ಭುಜ ಬೀರು ಇದ್ದ ಹಾಗಿದೆ!" ಎಂದು ಮೈದುನ ನಕ್ಕ.

"ಯಾವ ಬಣ್ಣದ್ದು ಅಕ್ಕ?" ಎಂದಳು ಕಿರಿಸೊಸೆ.

"ಬೂದಿ," ಎಂದರು ಮಾವ.

ಕಿರಿಸೊಸೆಯ ಕೈ ಬೇಳೆಯ ಸೌಟಿನ ಮೇಲೆ ನಿಂತಿತು. ಅವಳು ಎದ್ದು ಕೆಳಗೆ ಹೋದಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ಇಳಿದ ಸದ್ದು ಕೇಳಿತು. ಆಮೇಲೆ ಕೋಲಿನ ಮೇಲೆ ಕೋಟುಗಳನ್ನು ಒಂದೊಂದಾಗಿ ಸರಿಸಿದ ಸದ್ದು. ಮತ್ತೆ ಹತ್ತಿ ಬಂದು, ತನ್ನ ಜಾಗದಲ್ಲಿ ಕೂತು, ಊಟ ಮುಂದುವರಿಸಿದಳು. ಯಾರ ಮುಖವನ್ನೂ ನೋಡಲಿಲ್ಲ. ಹಿರಿಸೊಸೆ ಅನ್ನದಲ್ಲಿ ಬೆರಳಾಡಿಸುತ್ತಾ ಕಾದಳು. ಕೂಗಾಡಲಿ, ಒಂದು ಮಾತು ಆಡಲಿ, ತಾನೂ ಎರಡು ಆಡಿ ಮುಗಿಸುತ್ತೇನೆ ಎಂದುಕೊಂಡಳು. ಮಾತು ಬರಲಿಲ್ಲ.

ಬಂದದ್ದು ಮರುದಿನ ಬೆಳಿಗ್ಗೆ, ನೀರು ತುಂಬಿಸುವಾಗ.

"ಅಕ್ಕ, ನೀವು ಮಾರಿದ್ದು ಡಿಪೋ ಗುಮಾಸ್ತರ ಕೋಟು."

"ಹೌದಾ?"

"ತಪ್ಪು ನಂದೇ. ಚೀಟಿ ಇಟ್ಟೆ ಅಂದ್ಕೊಂಡಿದ್ದೆ, ಮರೆತಿರ್ಬೇಕು. ನಿಮಗೆ ಹೇಗೆ ಗೊತ್ತಾಗ್ಬೇಕು ಪಾಪ." ಅವಳ ಕಣ್ಣು ಕೆಂಪಾಗಿದ್ದವು. "ಅವರು ಕೆಲಸಕ್ಕೆ ಸೇರಿದ ದಿನ ಹಾಕ್ಕೊಂಡಿದ್ದ ಕೋಟಂತೆ. ಇಪ್ಪತ್ತೆಂಟಕ್ಕೆ ಅವರಿಗೆ ನಿವೃತ್ತಿ. ಅವತ್ತೂ ಅದನ್ನೇ ಹಾಕ್ಕೋಬೇಕು ಅಂತ ಮೂವತ್ತಾರು ವರ್ಷ ಇಟ್ಕೊಂಡಿದ್ರಂತೆ. ಏನು ಹೇಳ್ಲಿ ಅವರಿಗೆ?"

ಬಿಂದಿಗೆ ತುಂಬಿ ನೀರು ಹೊರಚೆಲ್ಲಿತು. ಪಾಪ ಎಂಬ ಆ ಒಂದು ಶಬ್ದವನ್ನು ಹಿರಿಸೊಸೆಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ನಾನೇ ಹೋಗಿ ತರ್ತೀನಿ," ಎಂದಳು.

ಲಾಡ್ಜಿನಲ್ಲಿ ಅಂದು ಮ್ಯಾನೇಜರು ಇರಲಿಲ್ಲ, ಮರುದಿನವೂ ಇರಲಿಲ್ಲ. ಇಪ್ಪತ್ತೇಳಕ್ಕೆ ಸಿಕ್ಕ. ಖಾಲಿ ಹಜಾರದಲ್ಲಿ, ಹಲಗೆಗೆ ತಗುಲಿಸಿದ ಸಾಲು ಸಾಲು ಬೀಗದಕೈಗಳ ಮುಂದೆ, ಅದೇ ಕೋಟು ತೊಟ್ಟು ಕೂತಿದ್ದ.

"ತಪ್ಪಾಗಿದೆ. ಅದು ಬೇರೆಯವರದು. ದುಡ್ಡು ತಂದಿದ್ದೀನಿ."

"ಏನಮ್ಮ ತಮಾಷೆ? ಎಲ್ರೂ ಚೆನ್ನಾಗಿದೆ ಅಂತಿದ್ದಾರೆ. ಕೊಡಲ್ಲ."

ಅವಳಿಗೆ ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. "ಅದು ಹೊಸದಲ್ಲ. ಮೂವತ್ತಾರು ವರ್ಷದ ಹಳೇ ಕೋಟು. ತಿರುವಿ ಹೊಲಿದಿದ್ದು. ಜೇಬು ನೋಡಿ."

ಅವನು ಜೇಬು ನೋಡಿದ. ಕೋಟು ಬಿಚ್ಚಿ, ಬೆಳಕಿಗೆ ಹಿಡಿದು, ಅಸ್ತರನ್ನು ಎತ್ತಿ ನೋಡಿದ. ಅವನ ದೊಡ್ಡ ಮುಖ ನಿಧಾನವಾಗಿ ಅರಳಿತು.

"ನೀವೇ ಅಲ್ವಾ ಬಜಾರಿನ ಕೈಗಣ್ಣಿ? ನಿಮ್ಮಂಥವರೇ ಮೋಸಹೋದ್ರಿ ಅಂದ್ರೆ, ಹೊಲಿದೋರು ಎಂಥವರಮ್ಮ! ಕಾಲಿಗೆ ಬೀಳ್ಬೇಕು." ದುಡ್ಡು ಎಣಿಸಿಕೊಂಡು, ಒಳಗೆ ಹೋಗಿ ಎರಡು ಕೋಟು ಹೊತ್ತು ತಂದ. ಒಂದು ಅವನದು, ಇನ್ನೊಂದು ಮಾಲೀಕರದು. "ಇವನ್ನ ಅವರ ಕೈಗೇ ಕೊಡಿ. ಬೇರೆ ಯಾರೂ ಮುಟ್ಟೋದು ಬೇಡ."

ಮೂರು ಕೋಟು ತೋಳಿನ ಮೇಲೆ ಹೇರಿಕೊಂಡು ಅವಳು ಬಜಾರಿನ ನಡುವೆ ನಡೆದು ಬಂದಳು. ಅಂಗಡಿ ಅಂಗಡಿಯಲ್ಲೂ 'ರಿಯಾಯಿತಿ' ಎಂಬ ಕೆಂಪು ಬೋರ್ಡುಗಳು. ಒಳಗೆ ನೊಣ ಹೊಡೆಯುತ್ತಾ ಕೂತ ಮಾಲೀಕರು. ಪಾತ್ರೆ ಅಂಗಡಿಯವನು ಕೂಗಿದ: "ಏನಕ್ಕಾ, ನೀವೂ ಹಳೇ ಬಟ್ಟೆ ವ್ಯಾಪಾರಕ್ಕೆ ಇಳಿದ್ರಾ?" ಅವಳು ತಿರುಗಿ ನೋಡಲಿಲ್ಲ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾವ ಕನ್ನಡಕ ಒರೆಸತೊಡಗಿದರು.

"ಬೇಜಾರು ಮಾಡ್ಕೋಬೇಡಮ್ಮ. ಆಗುತ್ತೆ. ಇಪ್ಪತ್ತೆರಡು ವರ್ಷ ದುಡಿದ ಕೈ, ಸವೆದಿರುತ್ತೆ. ಬಟ್ಟೆ ಹೊಸದೋ ಹಳೇದೋ ತಿಳಿಯದ ಹಾಗೆ ಆಗಿದೆ ಅಂದ್ರೆ..." ಅವರು ಗಾಜಿಗೆ ಉಸಿರು ಬಿಟ್ಟು ಒರೆಸಿದರು. "ಇನ್ನು ನೀನು ಸ್ವಲ್ಪ ವಿಶ್ರಾಂತಿ ತಗೋ. ನಾಡಿದ್ದು ಬಡಗಿ ಬರ್ತಾನೆ."

"ಪಾಪ, ಅತ್ತಿಗೆ ಏನು ಮಾಡ್ತಾರೆ?" ಎಂದ ಮೈದುನ. "ಇವಳು ಹೊಲಿಯೋದೇ ಹಾಗೆ. ನನಗೇ ನನ್ನ ಹಳೇ ಪ್ಯಾಂಟು ಗುರುತು ಸಿಗಲ್ಲ."

"ಅಮ್ಮ, ನಿನ್ನ ಕಣ್ಣಿಗೆ ಕಟ್ಟಿ ಆಟ ಆಡಿಸ್ತಿದ್ರಲ್ಲ, ಅದು ಆಗ," ಎಂದಳು ಮಗಳು. ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. "ಈಗ ವಯಸ್ಸಾಯ್ತಲ್ಲಮ್ಮ."

"ಅಕ್ಕನ ಕೈ ಏನೂ ಸೋತಿಲ್ಲ," ಎಂದಳು ಕಿರಿಸೊಸೆ ಮೆಲ್ಲಗೆ. "ನಾನು ಚೀಟಿ ಇಡೋದು ಮರೆತೆ. ಅಷ್ಟೇ."

ಎಲ್ಲರೂ ಕ್ಷಮಿಸಿಬಿಟ್ಟಿದ್ದರು. ಕತ್ತು ಬಗ್ಗಿಸಿ ಹೂಂ ಅಂದರೆ ಸಾಕು, ಊಟ ಮುಂದುವರಿಯುತ್ತಿತ್ತು. ಅವಳು ಒಳ್ಳೆಯವಳಾಗಿಯೇ ಉಳಿಯುತ್ತಿದ್ದಳು. ಒಳ್ಳೆಯವಳು, ಪಾಪದವಳು, ಕೈ ಸೋತವಳು.

ಹಿರಿಸೊಸೆ ಎಡಗೈಯಿಂದ ಪರ್ಸು ಬಿಚ್ಚಿದಳು. ಚೀಟಿಯನ್ನು ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಇಟ್ಟಳು.

"ಮರೆತಿರಲಿಲ್ಲ. ಇದು ಜೇಬಲ್ಲೇ ಇತ್ತು. ನಾನು ತೆಗೆದೆ."

ಅವಳು ಚೀಟಿಯನ್ನು ಮಾವನ ಕಡೆಗೆ ಸರಿಸಿದಳು.

"ಮುಟ್ಟಿದ ತಕ್ಷಣ ಗೊತ್ತಾಯ್ತು ನನಗೆ, ಹಳೇದು ಅಂತ. ಯಾರ ಹೊಲಿಗೆ ಅಂತಾನೂ ಗೊತ್ತಾಯ್ತು. ಗೊತ್ತಿದ್ದೇ ಮಾರಿದೆ. ನನ್ನ ಕೈ ಸವೆದಿಲ್ಲ ಮಾವ."

ಮಗಳ ಬಾಯಿ ತೆರೆದೇ ಇತ್ತು. ಹಿರಿಮಗ ತಟ್ಟೆ ನೋಡುತ್ತಿದ್ದ. ಮಾವ ಕನ್ನಡಕ ಹಾಕಿಕೊಂಡು, ಚೀಟಿಯನ್ನು ಓದಿ, ಮತ್ತೆ ಕೆಳಗಿಟ್ಟರು. ಅವರ ದನಿ ಏರಲಿಲ್ಲ. "ಗಿರಾಕಿ ನಂಬಿ ಕೊಟ್ಟಿದ್ದನ್ನ ಮಾರಿದೋಳು ಇನ್ನು ಗಿರಾಕಿ ಎದುರು ನಿಲ್ಲಬಾರದು," ಎಂದರು. "ನಾಳೆಯಿಂದ ನೀನು ಒಳಗೆ."

"ಆಯ್ತು," ಎಂದಳು ಅವಳು.

ಕಿರಿಸೊಸೆ ಮಾತ್ರ ಚೀಟಿ ನೋಡಲಿಲ್ಲ. ಅವಳು ಹಿರಿಸೊಸೆಯ ಕೈಗಳನ್ನೇ ನೋಡುತ್ತಿದ್ದಳು. ಮಾತು ಬಂದಾಗ ಅದರಲ್ಲಿ ಹಳೇ ಮೃದುತನ ಇರಲಿಲ್ಲ.

"ಮೂರು ದಿನ ನಾನು ಅನ್ನ ತಿಂದಿಲ್ಲ. ನೀರು ಹಿಡಿಯೋ ಹತ್ರ ನನ್ನ ಮುಂದೆ ನಿಂತು ಹೌದಾ ಅಂದ್ರಿ."

"ಅಂದೆ."

"ಹೇಗೆ ಗೊತ್ತಾಯ್ತು? ಜೇಬು ನೋಡಿ ತಾನೆ? ಜೇಬು ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ."

"ಜೇಬು ಆಮೇಲೆ. ಮೊದಲು ಎಳೆ. ಆಮೇಲೆ ಹಳೇ ಕಾಜ ಮುಚ್ಚಿದ್ದೀಯಲ್ಲ, ಅಲ್ಲಿ ದಾರ ಒಂದೆಳೆ ದಪ್ಪ ಇದೆ."

"ಇಲ್ಲ."

"ಇದೆ. ಮೇಲಿಂದ ಎರಡನೇದು."

ಕಿರಿಸೊಸೆ ತಟಕ್ಕನೆ ಎದ್ದು ಹೋಗಿ ಕೋಟು ತಂದಳು. ಊಟದ ಮೇಜಿನ ಪಕ್ಕವೇ ನಿಂತು, ದೀಪದ ಕೆಳಗೆ, ಎರಡನೇ ಕಾಜದ ಮೇಲೆ ಬೆರಳಾಡಿಸಿದಳು. ಒಂದು ಸಲ. ಇನ್ನೊಂದು ಸಲ, ಕಣ್ಣು ಮುಚ್ಚಿ. ಆಮೇಲೆ ಸೊಂಟದಿಂದ ಸಣ್ಣ ಕತ್ತರಿ ತೆಗೆದು, ಹೊಲಿಗೆಯನ್ನು ಬಿಚ್ಚತೊಡಗಿದಳು. "ಅವತ್ತು ಆ ದಾರ ಮುಗಿದಿತ್ತು," ಎಂದಳು, ಯಾರಿಗೂ ಅಲ್ಲದಂತೆ.

ಮರುದಿನ ಡಿಪೋ ಗುಮಾಸ್ತರು ಬಂದು ಕೋಟು ತೊಟ್ಟರು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಹಿರಿಸೊಸೆ ಅದನ್ನು ನೋಡಲಿಲ್ಲ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತು, ಅವರು ಗಂಟಲು ಸರಿಪಡಿಸಿಕೊಂಡ ಸದ್ದನ್ನಷ್ಟೇ ಕೇಳಿದಳು. ಅದರ ಮರುದಿನ ಬಡಗಿಯ ಗರಗಸದ ಸದ್ದನ್ನೂ ಅಲ್ಲಿಂದಲೇ ಕೇಳಿದಳು. ಹಳೇ ಮರ, ಗಟ್ಟಿ ಮರ, ಬೇಗ ಮುಗಿಯಲಿಲ್ಲ. ಕತ್ತರಿಸಿದ ಅರ್ಧವನ್ನು ಮಾವನೂ ಅವಳ ಗಂಡನೂ ಸೇರಿ ಹೊತ್ತು ತಂದು ಮೂಲೆಯಲ್ಲಿ ಅವಳ ಮುಂದೆ ಇಟ್ಟರು.

ಅಲ್ಲಿಂದ ಮುಂದೆ ಕಿರಿಸೊಸೆ ಕಿಟಕಿ ಪಕ್ಕದ ಬೆಳಕಿನಲ್ಲಿ, ರಸ್ತೆಗೆ ಕಾಣುವಂತೆ, ಹೊಲಿದಳು. ಗಿರಾಕಿಗಳು ಅವಳ ಹತ್ತಿರ ನಿಂತು ಮಾತಾಡಿದರು. ಮಗಳು ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು. ಹೊಲಿದು ಮುಗಿದದ್ದು ಹಿಂದಕ್ಕೆ ಬರುತ್ತಿತ್ತು, ಹಿರಿಸೊಸೆ ಇಸ್ತ್ರಿ ಮಾಡಲು. ಇಸ್ತ್ರಿಗೆ ಮೊದಲು ಅವಳು ಕಣ್ಣು ಮುಚ್ಚಿ ಒಂದೊಂದು ಹೊಲಿಗೆಯ ಮೇಲೂ ಬೆರಳು ಹಾಯಿಸುತ್ತಿದ್ದಳು. ಹಾಗೆ ಮಾಡಲು ಅವಳಿಗೆ ಯಾರೂ ಹೇಳಿರಲಿಲ್ಲ. ತಪ್ಪು ಸಿಕ್ಕಿದ ಕಡೆ ಬಳಪದಿಂದ ಒಂದು ಗೀಟು ಎಳೆದು, ಮೈದುನನ ಕೈಯಲ್ಲಿ ಮುಂದಕ್ಕೆ ಕಳಿಸುತ್ತಿದ್ದಳು. ಮುಂದಿನಿಂದ ಕತ್ತರಿ ಮೇಜಿನ ಮೇಲೆ ಕುಕ್ಕಿದ ಸದ್ದು ಬರುತ್ತಿತ್ತು. ಆಮೇಲೆ ಹೊಲಿಗೆ ಬಿಚ್ಚುವ ಸದ್ದು. ಇಬ್ಬರ ನಡುವೆ ಬೇರೆ ಮಾತಿರಲಿಲ್ಲ.

"ನಾನೇನು ಪೋಸ್ಟ್‌ಮ್ಯಾನಾ?" ಎಂದ ಮೈದುನ. "ನೀವಿಬ್ರೂ ನೇರ ಬೈದಾಡಿದ್ರೆ ನನ್ನ ಚಪ್ಪಲಿ ಉಳಿಯುತ್ತೆ."

ಮೊದಲ ವಾರ ಹನ್ನೊಂದು ಗೀಟು. ಎರಡನೇ ವಾರ ಐದು. ಮೂರನೇ ವಾರದ ಕೊನೆಗೆ ಲಾಡ್ಜಿನ ಮ್ಯಾನೇಜರನ ಕೋಟು ಬಂತು. ಹಿರಿಸೊಸೆ ಅದನ್ನು ಅರ್ಧ ಮೇಜಿನ ಮೇಲೆ ಹರಡಿದಳು. ಬಾಗಿಲು ಮುಚ್ಚಿದಂತೆ ಕಣ್ಣು ಮುಚ್ಚಿ, ಕಾಲರಿನಿಂದ ಶುರು ಮಾಡಿದಳು. ತೋಳಿನ ಕೂಡು, ಜೇಬಿನ ಬಾಯಿ, ಅಸ್ತರಿನ ಅಂಚು, ಒಂದೊಂದು ಕಾಜ. ಬಳಪ ಕೈಯಲ್ಲೇ ಇತ್ತು. ಮತ್ತೆ ಮೊದಲಿನಿಂದ ಹುಡುಕಿದಳು. ಮೂರನೇ ಸಲ ಹುಡುಕುವಾಗ, ಏನಾದರೂ ಸಿಗಲಿ ಎಂದು ಅವಳು ಹಲ್ಲು ಕಚ್ಚಿಕೊಂಡಿದ್ದಳು.

ಏನೂ ಸಿಗಲಿಲ್ಲ. ಬಳಪವನ್ನು ಕೆಳಗಿಟ್ಟು, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಆ ಕೋಟು ಗೀಟಿಲ್ಲದೆ ಮುಂದಕ್ಕೆ ಹೋಯಿತು. ಕಿಟಕಿಯ ಬಳಿ ಮಿಷನ್ನಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಸಂಜೆ ಊಟಕ್ಕೆ ಕೂತಾಗ ಕಿರಿಸೊಸೆ ಮೊಟ್ಟೆ ಬಡಿಸುತ್ತಾ ಬಂದಳು. ಹಿರಿಸೊಸೆಯ ತಟ್ಟೆಯ ಹತ್ತಿರ ಎಂದಿನಂತೆ ದಾಟಿಹೋಗಲು ಹೊರಟವಳು ನಿಂತಳು. ಕೇಳಲಿಲ್ಲ. ಇಟ್ಟಳು.

ಗಂಡ, ಮೊಟ್ಟೆ ತನಗೇ ಬರುತ್ತದೆಂದು, ತನ್ನ ತಟ್ಟೆಯನ್ನು ಹೆಂಡತಿಯ ಕಡೆಗೆ ಸರಿಸಿದ. ಅವಳು ಅದನ್ನು ಹಿಂದಕ್ಕೆ ತಳ್ಳಿದಳು. ಮೊಟ್ಟೆಯನ್ನು ಮುರಿದು, ಉಪ್ಪು ಹಚ್ಚಿ, ನಿಧಾನವಾಗಿ ಪೂರ್ತಿ ತಿಂದಳು. ಎಲ್ಲರೂ ನೋಡದಂತೆ ನೋಡುತ್ತಿದ್ದರು.

"ಬೆಂದಿದ್ದು ಜಾಸ್ತಿಯಾಯ್ತು," ಎಂದಳು, ಬೆರಳು ಒರೆಸಿಕೊಳ್ಳುತ್ತಾ.

"ನಾಳೆ ನೀವೇ ಬೇಯಿಸಿ," ಎಂದಳು ಕಿರಿಸೊಸೆ.